ಬೈಬಲ್‌ನ ಲೋಹಗಳಿಗೆ ಅರ್ಥದ ಪಟ್ಟಿ ಇದೆಯಾ?

ಓದುಗರ ಪ್ರಶ್ನೆ: ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಒಂದು ಪಟ್ಟಿ ಬರೆಸಿದರು. ಚಿನ್ನ ಅಂದರೆ ದೈವತ್ವ, ಬೆಳ್ಳಿ ಅಂದರೆ ವಿಮೋಚನೆ, ತಾಮ್ರ ಅಂದರೆ ನ್ಯಾಯತೀರ್ಪು, ಕಬ್ಬಿಣ ಅಂದರೆ ಬಲ. ಆದರೆ ಜನ ಪೂಜಿಸಲಿ ಅಂತ ಆರೋನ ಮಾಡಿಸಿದ ಕರುವಿನ ವಿಗ್ರಹವೂ ಚಿನ್ನದ್ದೇ ಅಲ್ವಾ? ಹಾಗಾದರೆ ಈ ಪಟ್ಟಿ ಸರಿಯೇ? ಮೋಶೆ ಎತ್ತಿ ನಿಲ್ಲಿಸಿದ ಸರ್ಪ ತಾಮ್ರದ್ದೋ, ಕಂಚಿನದೋ, ಹಿತ್ತಾಳೆಯದೋ? ಕೊನೆಯದಾಗಿ, ಬೆಳ್ಳಿ ಶುದ್ಧಿ ಮಾಡುವವನು ಅದರಲ್ಲಿ ತನ್ನ ಮುಖ ಕಾಣುವ ತನಕ ಕಾಯುತ್ತಾನೆ ಎಂಬ ಮಾತು ಬೈಬಲ್‌ನಲ್ಲಿ ಎಲ್ಲಿದೆ?

ಉತ್ತರ: ಒಳ್ಳೆಯ ಪ್ರಶ್ನೆ. ಕರುವನ್ನು ಎತ್ತಿಕೊಂಡು ಕೇಳಿದ್ದೀರಲ್ಲ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಆ ಪಟ್ಟಿ ಪೂರ್ತಿ ಸುಳ್ಳಲ್ಲ. ಆದರೆ ಬೈಬಲ್‌ನಲ್ಲಿ ಎಲ್ಲೂ ಅಂಥ ಪಟ್ಟಿ ಇಲ್ಲ. ಲೋಹಗಳನ್ನು ಸಾಲಾಗಿ ಹೆಸರಿಸುವ ಮಾತು ಅರಣ್ಯಕಾಂಡ 31:22ರಲ್ಲಿದೆ: ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ. ಒಟ್ಟು ಆರು. ಅಲ್ಲಿ ಯಾವುದಕ್ಕೂ ಅರ್ಥ ಹೇಳಿಲ್ಲ. ಯುದ್ಧದಲ್ಲಿ ಸಿಕ್ಕಿದ ಈ ಲೋಹದ ಸಾಮಾನನ್ನು ಬೆಂಕಿ ದಾಟಿಸಿ, ಆಮೇಲೆ ಶುದ್ಧೀಕರಣದ ನೀರು ಮುಟ್ಟಿಸಿ ಅಂತ ಮಾತ್ರ ಇದೆ. ಬೆಂಕಿ ತಡೆಯುವ ವಸ್ತು ಬೆಂಕಿ ದಾಟಬೇಕು, ತಡೆಯದ ವಸ್ತುವಿಗೆ ನೀರು ಸಾಕು. ಲೋಹ ಅಂದರೆ ಆ ಜನರಿಗೆ ಮೊದಲು ಬೆಂಕಿಯ ವಿಷಯ, ಕುಲುಮೆಯ ವಿಷಯ.

ನನ್ನ ಸಲಹೆ ಇಷ್ಟೇ. ಒಂದು ಲೋಹ ಕಂಡ ಕೂಡಲೇ 'ಇದರ ಅರ್ಥ ಏನು' ಅಂತ ಕೇಳಬೇಡಿ. 'ಇದು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವುದಕ್ಕೆ ಬಳಸಿದರು' ಅಂತ ಕೇಳಿ. ಬೆಳ್ಳಿಯ ವಿಷಯದಲ್ಲಿ ಹೀಗೆ ಕೇಳಿದರೆ ಏನು ಸಿಗುತ್ತದೆ ನೋಡಿ.

ವಿಮೋಚನಕಾಂಡ 38ನೇ ಅಧ್ಯಾಯದ ಕೊನೆಯ ಭಾಗವನ್ನು ಜಾಸ್ತಿ ಜನ ಹಾರಿಸಿಬಿಡುತ್ತಾರೆ. ಮರುಭೂಮಿಯಲ್ಲಿ ದೇವರಿಗಾಗಿ ಕಟ್ಟಿದ ಗುಡಾರಕ್ಕೆ ಹೋದ ಲೋಹದ ಬರೀ ಲೆಕ್ಕ ಅಂತ. ನಾನು ಆ ಪುಟಕ್ಕೆ ಬಂದಾಗಲೆಲ್ಲ ಪೆನ್ಸಿಲ್ ಹಿಡಿದು ಕೂರುತ್ತೇನೆ. ಇಪ್ಪತ್ತು ವರ್ಷ ದಾಟಿದ ಗಂಡಸರ ಲೆಕ್ಕ 603,550. ತಲೆಗೆ ಅರ್ಧ ಶೆಕೆಲ್ ಬೆಳ್ಳಿ (ಶೆಕೆಲ್, ತಲಾಂತು ಎರಡೂ ಆಗಿನ ತೂಕದ ಅಳತೆಗಳು). ಅಂದರೆ 301,775 ಶೆಕೆಲ್. ಒಂದು ತಲಾಂತಿಗೆ 3,000 ಶೆಕೆಲ್. ಭಾಗಿಸಿದರೆ ಸರಿಯಾಗಿ 100 ತಲಾಂತು ಬರುತ್ತದೆ, 1,775 ಶೆಕೆಲ್ ಉಳಿಯುತ್ತದೆ. 25ನೇ ವಚನದಲ್ಲಿ ಇರುವುದೂ ಇದೇ ಸಂಖ್ಯೆ. ಉಳಿದ 1,775 ಶೆಕೆಲ್ ಕಂಬಗಳ ಕೊಂಡಿಗಳಿಗೆ ಮತ್ತು ಮೇಲುಹೊದಿಕೆಗೆ ಹೋಯಿತು. 100 ತಲಾಂತಿನಿಂದ 100 ಗದ್ದಿಗೆಗಳನ್ನು, ಅಂದರೆ ಹಲಗೆ ಕಂಬಗಳನ್ನು ನಿಲ್ಲಿಸುವ ಅಡಿಪೀಠಗಳನ್ನು, ಎರಕ ಹೊಯ್ದರು.

ಆ ನೂರು ಗದ್ದಿಗೆಗಳು ಎಲ್ಲಿ ಹೋದವು? 26ನೇ ಅಧ್ಯಾಯಕ್ಕೆ ತಿರುಗಿ. ಗುಡಾರದ ದಕ್ಷಿಣಕ್ಕೆ 20 ಹಲಗೆ, ಉತ್ತರಕ್ಕೆ 20, ಪಶ್ಚಿಮಕ್ಕೆ 8. ಒಟ್ಟು 48. ಒಂದೊಂದು ಹಲಗೆಯ ಅಡಿಗೆ ಎರಡೆರಡು ಬೆಳ್ಳಿ ಗದ್ದಿಗೆ, ಅಂದರೆ 96. ಮಹಾಪವಿತ್ರಸ್ಥಾನದ ಪರದೆ ಹಿಡಿದ ಕಂಬಗಳು ನಾಲ್ಕು, ಅವುಗಳಿಗೂ ಬೆಳ್ಳಿ ಗದ್ದಿಗೆ. ನೂರು ಭರ್ತಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಈ ಅರ್ಧ ಶೆಕೆಲ್ಲಿಗೆ 30ನೇ ಅಧ್ಯಾಯದಲ್ಲಿ ಒಂದು ಹೆಸರಿದೆ: ಪ್ರಾಣಕ್ಕೆ ಕೊಡುವ ಈಡು. ಸಾಹುಕಾರ ಜಾಸ್ತಿ ಕೊಡುವ ಹಾಗಿಲ್ಲ, ಬಡವ ಕಡಿಮೆ ಕೊಡುವ ಹಾಗಿಲ್ಲ. ಶೆಕೆಲ್ ಸುಮಾರು 11.4 ಗ್ರಾಂ ಅಂತ ಇಟ್ಟುಕೊಂಡರೆ ಒಂದೊಂದು ಗದ್ದಿಗೆ 34 ಕೆಜಿ ಆಯಿತು. ಅದರಲ್ಲಿ ಆರು ಸಾವಿರ ಜನರ ಅರ್ಧರ್ಧ ಶೆಕೆಲ್ ಕರಗಿ ಸೇರಿದೆ. ಯಾರ ಪಾಲು ಯಾವುದು ಅಂತ ಬೇರೆ ಮಾಡಲು ಆಗುವುದೇ ಇಲ್ಲ. ದೇವರ ಗುಡಾರ ಮರಳಿನ ಮೇಲೆ ನಿಂತಿರಲಿಲ್ಲ. ಎಲ್ಲರೂ ಸಮನಾಗಿ ಕೊಟ್ಟ ಈಡಿನ ಮೇಲೆ ನಿಂತಿತ್ತು. 'ಬೆಳ್ಳಿ ಅಂದರೆ ವಿಮೋಚನೆ' ಎಂಬ ಮಾತು ಹುಟ್ಟಿದ್ದು ಇಲ್ಲಿ. ಪಟ್ಟಿಯಲ್ಲಿ ಒಂದು ಸಾಲಾಗಿ ಓದಿದರೆ ಇದರ ಭಾರ ಗೊತ್ತಾಗುವುದಿಲ್ಲ. ಹಲಗೆಯ ಅಡಿಗೆ ಬಗ್ಗಿ ನೋಡಿದರೆ ಗೊತ್ತಾಗುತ್ತದೆ.

ಹೀಬ್ರೂ ಭಾಷೆಯಲ್ಲಿ ಬೆಳ್ಳಿಗೂ ದುಡ್ಡಿಗೂ ಒಂದೇ ಪದ, ಕೆಸೆಫ್. ನಮಗೆ ಇದು ಹೊಸದೇನಲ್ಲ. ನಾವು ದಿನಾ ಹೇಳುವ 'ರೂಪಾಯಿ' ಬಂದಿದ್ದೂ ಬೆಳ್ಳಿ ಎಂಬ ಅರ್ಥದ 'ರೂಪ್ಯ' ಪದದಿಂದಲೇ. ಹಾಗಾಗಿ ಬೈಬಲ್‌ನಲ್ಲಿ ಬೆಳ್ಳಿ ಬಂದಾಗಲೆಲ್ಲ ಬೆಲೆಯ ಮಾತು, ಕೊಡುಕೊಳ್ಳುವ ಮಾತು ಹತ್ತಿರದಲ್ಲೇ ಇರುತ್ತದೆ. ಮತ್ತಾಯನ ಸುವಾರ್ತೆ ಓದಿ ನೋಡಿ. 17ನೇ ಅಧ್ಯಾಯದಲ್ಲಿ ದೇವಾಲಯದ ತೆರಿಗೆ ಕೇಳಿಕೊಂಡು ಬರುತ್ತಾರೆ. ಅದು ಇದೇ ಅರ್ಧ ಶೆಕೆಲ್ಲಿನ ಮುಂದುವರಿಕೆ. ಮೀನಿನ ಬಾಯಲ್ಲಿ ಸಿಕ್ಕಿದ ನಾಣ್ಯ ಒಂದು ಪೂರ್ತಿ ಶೆಕೆಲ್ಲಿಗೆ ಸಮ. ಅಂದರೆ ಇಬ್ಬರಿಗೆ ಸಾಕು. 'ನನ್ನದೂ ನಿನ್ನದೂ ಸೇರಿಸಿ ಕೊಡು' ಅಂತ ಯೇಸು ಪೇತ್ರನಿಗೆ ಹೇಳುತ್ತಾನೆ. 26ನೇ ಅಧ್ಯಾಯದಲ್ಲಿ ಅದೇ ಯೇಸುವಿಗೆ ಮೂವತ್ತು ಬೆಳ್ಳಿ ನಾಣ್ಯದ ಬೆಲೆ ಕಟ್ಟುತ್ತಾರೆ. ಎತ್ತು ಹಾಯ್ದು ಒಬ್ಬ ದಾಸ ಸತ್ತರೆ ಅವನ ಒಡೆಯನಿಗೆ ಕೊಡಬೇಕಾದ ಮೊತ್ತ ಅದು (ವಿಮೋಚನಕಾಂಡ 21:32). ಮೀನಿನ ನಾಣ್ಯವಾಗಲಿ, ಮೂವತ್ತು ಎಂಬ ಲೆಕ್ಕವಾಗಲಿ ಬೇರೆ ಮೂರು ಸುವಾರ್ತೆಗಳಲ್ಲಿ ಇಲ್ಲ. ತೆರಿಗೆ ಕಟ್ಟೆಯಲ್ಲಿ ಕೂತಿದ್ದವನ ಹೆಸರಿನ ಸುವಾರ್ತೆಯಲ್ಲೇ ನಾಣ್ಯಗಳ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಇರುವುದು ನನಗೆ ತುಂಬಾ ಇಷ್ಟ.

ಪೇತ್ರನ ಮೊದಲ ಪತ್ರದಲ್ಲಿ ನಿಮ್ಮನ್ನು ಬಿಡಿಸಿದ್ದು ಬೆಳ್ಳಿಬಂಗಾರದಿಂದ ಅಲ್ಲ ಎಂಬ ಮಾತು ಬರುತ್ತದೆ (1:18). ಅಲ್ಲಿಗೆ ಆ ನೂರು ಗದ್ದಿಗೆಗಳ ಕಥೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಬೆಳ್ಳಿ ಮಾಡುತ್ತಿದ್ದ ಕೆಲಸ ಈಗ ರಕ್ತಕ್ಕೆ ಹೋಯಿತು. ಬೆಳ್ಳಿ ಹಿಂದೆ ಯಾವ ಕೆಲಸ ಮಾಡಿತ್ತು ಅಂತ ಗೊತ್ತಿಲ್ಲದಿದ್ದರೆ ಈ ಮಾತು ಸುಮ್ನೆ ಒಂದು ಹೋಲಿಕೆಯ ಹಾಗೆ ಕೇಳಿಸುತ್ತದೆ.

ಈಗ ನಿಮ್ಮ ಕರುವಿಗೆ ಬರೋಣ. ಪಟ್ಟಿ ಮುರಿಯುವುದು ಇಲ್ಲಿ. ವಿಮೋಚನಕಾಂಡ 32ರಲ್ಲಿ ಜನ ಕಿವಿಯ ಓಲೆ ಬಿಚ್ಚಿ ಕೊಡುತ್ತಾರೆ, ಕರು ಆಗುತ್ತದೆ. 35ರಲ್ಲಿ ಮತ್ತೆ ಓಲೆ, ಉಂಗುರ ಬಿಚ್ಚಿ ಕೊಡುತ್ತಾರೆ, ದೇವರ ಗುಡಾರ ಆಗುತ್ತದೆ. ಎರಡೂ ಕಡೆ ಓಲೆಗೆ ಹೀಬ್ರೂವಿನಲ್ಲಿ ಒಂದೇ ಪದ. ಮೂರೇ ಅಧ್ಯಾಯದ ಅಂತರ. ಎಲ್ಲವೂ ಐಗುಪ್ತ ಬಿಡುವಾಗ ಅಕ್ಕಪಕ್ಕದವರಿಂದ ಕೇಳಿ ತಂದ ಬಂಗಾರ. ಲೋಹಕ್ಕೆ ಸ್ವಂತ ಅರ್ಥ ಇದ್ದಿದ್ದರೆ ಕರುವೂ ದೈವತ್ವವೇ ಆಗಬೇಕಿತ್ತಲ್ಲ? ಓಲೆ ಬಿಚ್ಚಿದ ಕೈ ಅದೇ, ಓಲೆಯೂ ಅಂಥದ್ದೇ. ಬೇರೆಯಾಗಿದ್ದು ಅದು ಹೋದ ಜಾಗ.

ಜಾಗ ಅಂದೆ. ಗುಡಾರದಲ್ಲಿ ಲೋಹಗಳಿಗೆ ಜಾಗ ಬಹಳ ಮುಖ್ಯ. ಹೊರಗಿನ ಅಂಗಳದಲ್ಲಿ ತಾಮ್ರ: ಯಜ್ಞವೇದಿ, ಬೋಗುಣಿ, ಅಂಗಳದ ಕಂಬಗಳ ಗದ್ದಿಗೆ. ಒಳಗೆ ಹೋದ ಹಾಗೆ ಚಿನ್ನ: ದೀಪಸ್ತಂಭ, ಮಂಜೂಷ ಎಂಬ ಒಡಂಬಡಿಕೆಯ ಪೆಟ್ಟಿಗೆ, ಅದರ ಮೇಲೆ ಚೊಕ್ಕ ಬಂಗಾರದ ಮುಚ್ಚಳವಾದ ಕೃಪಾಸನ. ಒಳಗೆ ಕಾಲಿಡುವ ಬಾಗಿಲ ಪರದೆಯ ಐದು ಕಂಬಗಳ ಗದ್ದಿಗೆ ಇನ್ನೂ ತಾಮ್ರದ್ದು, ಒಳಗಿನ ಪರದೆಯ ನಾಲ್ಕರದ್ದು ಬೆಳ್ಳಿಯದು. ಅಂಗಳದಿಂದ ನಡೆದುಕೊಂಡು ಹೋದವನಿಗೆ ಕಾಲಬುಡದಲ್ಲೇ ಲೋಹ ಬದಲಾಗುತ್ತಿತ್ತು. ನಿಮ್ಮ ಪಟ್ಟಿಯ 'ಚಿನ್ನ ಅಂದರೆ ದೈವತ್ವ' ಎಂಬ ಸಾಲಿನಲ್ಲಿ ನಿಜ ಇರುವುದು ಇಷ್ಟು: ಈ ಕಟ್ಟಡದಲ್ಲಿ ದೇವರಿಗೆ ಹತ್ತಿರ ಹೋದಷ್ಟೂ ಚಿನ್ನ.

ಸೊಲೊಮೋನನ ಮಗ ರೆಹಬ್ಬಾಮನ ಕಥೆಯನ್ನೂ ಇಲ್ಲಿ ಸೇರಿಸಿಕೊಳ್ಳಿ (1 ಅರಸುಗಳು 14). ಐಗುಪ್ತದ ಅರಸ ಶೀಶಕ ಬಂದು ಸೊಲೊಮೋನ ಮಾಡಿಸಿದ್ದ ಚಿನ್ನದ ಗುರಾಣಿಗಳನ್ನು ಹೊತ್ತುಕೊಂಡು ಹೋದ. ರೆಹಬ್ಬಾಮ ಅವುಗಳ ಬದಲು ತಾಮ್ರದ ಗುರಾಣಿ ಮಾಡಿಸಿದ. ಅರಸ ದೇವಾಲಯಕ್ಕೆ ಹೋಗುವಾಗ ಕಾವಲಿನವರು ಅವನ್ನು ಹಿಡಿದು ಹೋಗಬೇಕು, ಮುಗಿದ ಮೇಲೆ ತಂದು ಕಾವಲುಕೋಣೆಯಲ್ಲಿ ಇಡಬೇಕು. ಮೆರವಣಿಗೆ ನಿಲ್ಲಲಿಲ್ಲ, ಚಿನ್ನ ಮಾತ್ರ ಇಲ್ಲ. ಯಾರೂ ಅದನ್ನು ವಿವರಿಸುವುದೂ ಇಲ್ಲ. ಯೆಶಾಯ 60:17 ಇದನ್ನೇ ತಿರುಗಿಸುತ್ತದೆ: ತಾಮ್ರದ ಬದಲು ಚಿನ್ನ ತರುವೆನು, ಕಬ್ಬಿಣದ ಬದಲು ಬೆಳ್ಳಿ. ಆ ಗುರಾಣಿಗಳು ನೆನಪಿದ್ದರೆ ಈ ವಾಗ್ದಾನ ಮನಸ್ಸಿಗೆ ನಾಟುತ್ತದೆ.

ತಾಮ್ರವೋ ಕಂಚೋ ಹಿತ್ತಾಳೆಯೋ ಎಂಬ ನಿಮ್ಮ ಎರಡನೇ ಪ್ರಶ್ನೆ. ಹೀಬ್ರೂ ಪದ ನೆಹೋಷೆತ್. ಅದು ತಾಮ್ರಕ್ಕೂ ಆಗುತ್ತದೆ, ತವರ ಬೆರೆಸಿದ ಕಂಚಿಗೂ ಆಗುತ್ತದೆ. ಸಂದರ್ಭ ನೋಡಿ ಹೇಳಬೇಕು. ಧರ್ಮೋಪದೇಶಕಾಂಡ 8:9ರಲ್ಲಿ ಬೆಟ್ಟ ಅಗೆದು ತೆಗೆಯುವುದು ತಾಮ್ರವೇ, ಯಾಕೆಂದರೆ ಕಂಚನ್ನು ಯಾರೂ ಅಗೆದು ತೆಗೆಯುವುದಿಲ್ಲ. ಬೋಗುಣಿ ಕಂಚಿನದು ಅಂತ ತಿಳಿಯುವುದು ಸರಿ. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರು ಕೊಟ್ಟ ಕನ್ನಡಿಗಳಿಂದ ಅದನ್ನು ಮಾಡಿದರು (ವಿಮೋಚನಕಾಂಡ 38:8). ಗಾಜಿನ ಕನ್ನಡಿ ಅಲ್ಲ, ಉಜ್ಜಿ ಹೊಳಪು ಬರಿಸಿದ ಲೋಹದ ಕನ್ನಡಿ. ಕೇರಳದ ಆರನ್ಮುಳ ಕನ್ನಡಿ ನೋಡಿದವರಿಗೆ ಅಂಥದ್ದು ಹೇಗಿರುತ್ತದೆ ಅಂತ ಒಂದು ಅಂದಾಜು ಸಿಗುತ್ತದೆ. ತಮ್ಮ ಮುಖ ನೋಡಿಕೊಳ್ಳುತ್ತಿದ್ದ ವಸ್ತುವನ್ನು ಆ ಹೆಂಗಸರು ಯಾಜಕರು ಕೈಕಾಲು ತೊಳೆಯುವ ಪಾತ್ರೆಗಾಗಿ ಬಿಟ್ಟುಕೊಟ್ಟರು. ಇನ್ನು ಸತುವು ಬೆರೆಸಿದ ಹಿತ್ತಾಳೆ ಆ ಕಾಲಕ್ಕೆ ಹೊಂದುವುದಿಲ್ಲ, ಅದು ಬಳಕೆಗೆ ಬಂದಿದ್ದು ಬಹಳ ತಡವಾಗಿ. 1611ರ ಇಂಗ್ಲಿಷ್ ಅನುವಾದದಲ್ಲಿ 'ಬ್ರಾಸ್' ಅಂತ ಇದೆ. ಆಗಿನ ಇಂಗ್ಲಿಷಿನಲ್ಲಿ ತಾಮ್ರದ ಎಲ್ಲಾ ಮಿಶ್ರಲೋಹಗಳಿಗೂ ಆ ಪದ ನಡೆಯುತ್ತಿತ್ತು.

ಸರ್ಪ ಮಾತ್ರ ತಾಮ್ರದ್ದು ಎಂಬುದು ನನ್ನ ಅಭಿಪ್ರಾಯ. ಕಾರಣ ಊರುಗಳ ಹೆಸರಿನಲ್ಲಿದೆ. ಹಾವು ಕಚ್ಚಿ ಜನ ಸಾಯುತ್ತಿದ್ದಾಗ ಮೋಶೆ ಈ ಸರ್ಪವನ್ನು ಕಂಬದ ಮೇಲೆ ನಿಲ್ಲಿಸಿದ, ಅದನ್ನು ನೋಡಿದವರು ಬದುಕಿದರು. ಆ ಘಟನೆ ಮುಗಿದ ಮೇಲೆ ಜನ ಓಬೋತಿನಲ್ಲಿ ಇಳಿದರು ಅಂತ ಅರಣ್ಯಕಾಂಡ 21:10 ಹೇಳುತ್ತದೆ. 33ನೇ ಅಧ್ಯಾಯದ ಪ್ರಯಾಣದ ಪಟ್ಟಿಯಲ್ಲಿ ಓಬೋತಿಗೆ ಮೊದಲಿನ ತಂಗುದಾಣ ಪೂನೋನ್. ಅದು ಈಗಿನ ಜೋರ್ಡಾನ್ ದೇಶದ ಫೈನಾನ್, ಹಳೆಯ ಕಾಲದ ದೊಡ್ಡ ತಾಮ್ರದ ಗಣಿಪ್ರದೇಶ. ಅಲ್ಲಿನ ಒಂದು ಹಾಳೂರಿಗೆ ಅರಬ್ಬಿಯಲ್ಲಿ ಈಗಲೂ 'ತಾಮ್ರದ ಹಾಳು' ಎಂಬ ಅರ್ಥದ ಹೆಸರೇ ಇದೆ. ನೆಲದ ತುಂಬಾ ಕರಗಿಸಿ ಬಿಟ್ಟ ಕಪ್ಪು ಕಿಟ್ಟ. ಜನ ಸಾಯುತ್ತಿದ್ದ ಜಾಗದ ಹತ್ತಿರವೇ ತಾಮ್ರ ಇತ್ತು, ಕರಗಿಸುವವರೂ ಇದ್ದಿರಬಹುದು. ಇನ್ನೂ ದಕ್ಷಿಣದಲ್ಲಿ, ಇಸ್ರೇಲಿನ ತಿಮ್ನಾ ಎಂಬ ಮತ್ತೊಂದು ತಾಮ್ರದ ಕಣಿವೆಯ ಗುಡಿಯಲ್ಲಿ 1969ರಲ್ಲಿ ಬೆನೊ ರೋಥೆನ್‌ಬರ್ಗ್ ಅವರಿಗೆ ಒಂದು ಪುಟ್ಟ ತಾಮ್ರದ ಹಾವು ಸಿಕ್ಕಿತು, ತಲೆಗೆ ಚಿನ್ನದ ಲೇಪ ಇತ್ತು. ಅದು ಮೋಶೆಯ ಸರ್ಪ ಅಂತ ಯಾರೂ ಹೇಳಬಾರದು. ಆದರೆ ಆ ಸೀಮೆಯಲ್ಲಿ ತಾಮ್ರದ ಹಾವು ಮಾಡುವ ರೂಢಿ ಇತ್ತು ಅಂತ ಗೊತ್ತಾಯಿತು.

ಹೀಬ್ರೂವಿನಲ್ಲಿ ಹಾವು ನಾಹಾಷ್, ತಾಮ್ರ ನೆಹೋಷೆತ್. ಕಿವಿಗೆ ಎರಡೂ ಹತ್ತಿರ. ಕಚ್ಚಿದ್ದು ನಾಹಾಷ್, ನೋಡಿ ಬದುಕಿದ್ದು ನೆಹೋಷೆತ್. ಆಮೇಲೆ ಏನಾಯಿತು ನೋಡಿ. ಎಷ್ಟೋ ತಲೆಮಾರು ಕಳೆದ ಮೇಲೆ ಜನ ಅದೇ ಸರ್ಪಕ್ಕೆ ಧೂಪ ಹಾಕತೊಡಗಿದರು. ಹಿಜ್ಕೀಯ ಅರಸ ಅದನ್ನು ಒಡೆದು ಚೂರು ಮಾಡಿಸಿದ (2 ಅರಸುಗಳು 18:4). ದೇವರೇ ಹೇಳಿ ಮಾಡಿಸಿದ್ದು, ಜೀವ ಉಳಿಸಿದ್ದು, ಆದರೂ ಒಡೆಸಿದ. ಹಾಗೆ ಒಡೆದದ್ದನ್ನು ಬೈಬಲ್ ಮೆಚ್ಚುತ್ತದೆ. ಯೋಹಾನ 3:14ರಲ್ಲಿ ಯೇಸು ಮತ್ತೆ ಆ ಸರ್ಪವನ್ನು ಎತ್ತಿಕೊಳ್ಳುವಾಗ ಹಿಡಿಯುವುದು ತಾಮ್ರವನ್ನಲ್ಲ, ಎತ್ತಿ ನಿಲ್ಲಿಸಿದ್ದನ್ನು. 'ತಾಮ್ರ ಅಂದರೆ ತೀರ್ಪು' ಎಂಬ ಸಾಲಿನಿಂದ ಈ ಮೂರು ಘಟನೆಗಳನ್ನೂ ವಿವರಿಸಲು ಆಗುವುದಿಲ್ಲ.

ಇನ್ನೊಂದು ಸಣ್ಣ ಪುರಾವೆ. ಬರಗಾಲದ ಶಾಪ ಎರಡು ಕಡೆ ಬರುತ್ತದೆ. ಧರ್ಮೋಪದೇಶಕಾಂಡ 28:23ರಲ್ಲಿ ಆಕಾಶ ತಾಮ್ರ, ನೆಲ ಕಬ್ಬಿಣ. ಯಾಜಕಕಾಂಡ 26:19ರಲ್ಲಿ ಆಕಾಶ ಕಬ್ಬಿಣ, ನೆಲ ತಾಮ್ರ. ಲೋಹ ಅದಲುಬದಲಾಯಿತು, ಅರ್ಥ ಬದಲಾಗಲಿಲ್ಲ. ಮಳೆ ಸುರಿಸದ ಮೋಡ, ನೇಗಿಲು ಇಳಿಯದ ನೆಲ. ಬರ ಕಂಡ ನಮ್ಮ ಬಯಲುಸೀಮೆಯ ರೈತನಿಗೆ ಯಾವ ಪಟ್ಟಿಯೂ ಬೇಕಿಲ್ಲ.

ಕಬ್ಬಿಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1 ಸಮುವೇಲ 13ರಲ್ಲಿ ಇಸ್ರಾಯೇಲರಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ. ಕುಳ, ಕೊಡಲಿ, ಗುದ್ದಲಿ ಹರಿತ ಮಾಡಿಸಲು ಫಿಲಿಷ್ಟಿಯರ ಹತ್ತಿರ ಇಳಿದು ಹೋಗಬೇಕಿತ್ತು. ಅಲ್ಲಿ 'ಪೀಮ್' ಎಂಬ ಒಂದು ಪದ ಇದೆ. ಬಹಳ ಕಾಲ ಅದರ ಅರ್ಥ ಯಾರಿಗೂ ತಿಳಿದಿರಲಿಲ್ಲ. 1611ರವರು 'ಅರ' ಎಂದು ಊಹಿಸಿದರು. ಆಮೇಲೆ ನೆಲ ಅಗೆದಾಗ ಆ ಪದವನ್ನೇ ಕೊರೆದ ಸಣ್ಣ ತೂಕದ ಕಲ್ಲುಗಳು ಸಿಕ್ಕಿದವು, ಸುಮಾರು ಮೂರನೇ ಎರಡು ಶೆಕೆಲ್. ಅದು ಕುಳ ಹರಿತ ಮಾಡುವ ಕೂಲಿ! ಗುಡಾರಕ್ಕೆ ಪ್ರಾಣದ ಈಡಾಗಿ ಕೊಟ್ಟಿದ್ದಕ್ಕಿಂತ ಜಾಸ್ತಿ ಬೆಳ್ಳಿಯನ್ನು ಒಂದು ಕುಳಕ್ಕೆ ವೈರಿಗೆ ಕೊಡಬೇಕಿತ್ತು. ಆ ಜನರಿಗೆ ಕಬ್ಬಿಣ ಅಂದರೆ ಪರರ ಕೈಯಲ್ಲಿರುವ ಬಲ. ಐಗುಪ್ತವನ್ನು 'ಕಬ್ಬಿಣ ಕರಗಿಸುವ ಕುಲುಮೆ' ಅನ್ನುವುದು, ಯಜ್ಞವೇದಿಯ ಕಲ್ಲಿಗೆ ಕಬ್ಬಿಣ ಮುಟ್ಟಿಸಬೇಡಿ ಅನ್ನುವುದು (ಧರ್ಮೋಪದೇಶಕಾಂಡ 27:5) ಆ ಹಿನ್ನೆಲೆಯಲ್ಲಿ ಓದಿದರೆ ಚೆನ್ನಾಗಿ ಹತ್ತುತ್ತದೆ. ಕತ್ತಿಗಳನ್ನು ಗುಳಗಳನ್ನಾಗಿ ಬಡಿಯುವರು ಎಂಬ ಯೆಶಾಯನ ಮಾತೂ ಅಷ್ಟೇ.

ದಾನಿಯೇಲ 2ರಲ್ಲಿ ಬಾಬೆಲಿನ ಅರಸ ಕನಸಿನಲ್ಲಿ ಕಂಡ ಪ್ರತಿಮೆ ಎಲ್ಲರಿಗೂ ಗೊತ್ತು. ಚಿನ್ನದ ತಲೆ, ಬೆಳ್ಳಿಯ ಎದೆ, ತಾಮ್ರದ ಹೊಟ್ಟೆ, ಕಬ್ಬಿಣದ ಕಾಲು, ಕಬ್ಬಿಣ ಮಣ್ಣು ಬೆರೆತ ಪಾದ. ಇಲ್ಲಿ ಚಿನ್ನದ ಅರ್ಥವನ್ನು ಗ್ರಂಥವೇ ಬಾಯಿಬಿಟ್ಟು ಹೇಳುತ್ತದೆ: ಆ ಚಿನ್ನದ ತಲೆ ನೀನೇ ಅಂತ ಅರಸ ನೆಬೂಕದ್ನೆಚ್ಚರನಿಗೆ. ಉಳಿದ ಲೋಹಗಳು ಸೂಚಿಸುವ ರಾಜ್ಯಗಳು ಯಾವುವು ಅನ್ನುವುದರಲ್ಲಿ ಓದುವವರು ಒಮ್ಮತದಲ್ಲಿಲ್ಲ. ಕಬ್ಬಿಣ ರೋಮ್ ಅಂತ ಹಳೆಯ ಪರಂಪರೆ, ಗ್ರೀಕರ ರಾಜ್ಯ ಅಂತ ಹಲವು ವಿದ್ವಾಂಸರು. ನನ್ನ ಗಮನ ಮಾತ್ರ ತೂಕದ ಕಡೆ ಹೋಗುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಳ್ಳಿ 10.5, ಕಂಚು 9ರ ಹತ್ತಿರ, ಕಬ್ಬಿಣ 8ರ ಹತ್ತಿರ, ಮಣ್ಣು 2ರ ಆಸುಪಾಸು. ಕೆಳಗೆ ಬಂದ ಹಾಗೆ ಬೆಲೆ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಅಷ್ಟೂ ಭಾರ ಮೇಲೆ, ಬುಡದಲ್ಲಿ ಮಣ್ಣು. ಪ್ರತಿಮೆಯನ್ನು ಪುಡಿ ಮಾಡಿದ ಕಲ್ಲು ಬಂದು ಬಡಿದಿದ್ದು ಪಾದಕ್ಕೆ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ, ಮುಖ ಕಾಣುವ ಬೆಳ್ಳಿ. ವಾಟ್ಸಾಪಿನಲ್ಲಿ ಬಹಳ ಓಡಾಡುವ ಕಥೆ. ಬೈಬಲ್‌ನಲ್ಲಿ ಅದು ಇಲ್ಲ. ಮಲಾಕಿಯ 3:3ರಲ್ಲಿ ಇರುವುದು ಇಷ್ಟೇ: ಅವನು ಬೆಳ್ಳಿಯನ್ನು ಶುದ್ಧಿ ಮಾಡುವವನ ಹಾಗೆ ಕೂತುಕೊಳ್ಳುವನು. ಮುಖದ ಮಾತು ಆಮೇಲೆ ಸೇರಿದ್ದು.

ಆದರೆ ಆ ಕೆಲಸ ನಿಜವಾಗಿ ಹೇಗೆ ನಡೆಯುತ್ತಿತ್ತು ಅಂತ ತಿಳಿದರೆ ಕಥೆಗಿಂತ ವಚನವೇ ಮನಸ್ಸಿಗೆ ಹತ್ತಿರವಾಗುತ್ತದೆ. ಹಿಂದಿನವರು ಬೆಳ್ಳಿಯನ್ನು ಸೀಸದ ಜೊತೆ ಕರಗಿಸುತ್ತಿದ್ದರು. ಮೂಳೆಬೂದಿಯಂಥ ಹೀರುವ ವಸ್ತುವಿನಿಂದ ಮಾಡಿದ ಅಗಲವಾದ ಮೂಸೆ. ಮೇಲೆ ತಿದಿಯಿಂದ ಗಾಳಿ. ಬೆಳ್ಳಿ ಕರಗಲು 960 ಡಿಗ್ರಿ ದಾಟಬೇಕು, ಸೀಸಕ್ಕೆ 330 ಸಾಕು. ಗಾಳಿ ಸೋಕಿದ ಸೀಸ ಸುಟ್ಟು ಒಂದು ಬಗೆಯ ಹಳದಿ ಕಿಟ್ಟವಾಗುತ್ತದೆ. ತಾಮ್ರ, ತವರದಂಥ ಬೆರಕೆಯನ್ನು ತನ್ನ ಜೊತೆ ಎಳೆದುಕೊಂಡು ಮೂಸೆಯೊಳಕ್ಕೆ ಇಂಗುತ್ತದೆ. ಬೆಳ್ಳಿ ಮಾತ್ರ ಸುಡುವುದಿಲ್ಲ. ಕೊನೆಯ ಹೊತ್ತಿಗೆ ಮೇಲೆ ಕಿಟ್ಟದ ಒಂದು ತೆಳು ಪೊರೆ ಬಣ್ಣಬಣ್ಣವಾಗಿ ಓಡಾಡುತ್ತದೆ. ಅದು ಹರಿದು ಹೋದ ಕ್ಷಣದಲ್ಲಿ ಬೆಳ್ಳಿ ಫಳ್ ಅಂತ ಮಿಂಚುತ್ತದೆ. ಮುಖದ ಕಥೆ ಹುಟ್ಟಿದ್ದು ಈ ಮಿಂಚಿನಿಂದ ಇರಬಹುದು ಅಂತ ನನಗೆ ಅನಿಸುತ್ತದೆ.

ಈ ಕೆಲಸ ಗೊತ್ತಿದ್ದರೆ ಯೆರೆಮೀಯ 6:29 ಓದುವಾಗ ಎದೆ ಹಿಂಡುತ್ತದೆ. ತಿದಿ ಜೋರಾಗಿ ಊದುತ್ತಿದೆ. ಸೀಸವೆಲ್ಲ ಬೆಂಕಿಯಲ್ಲಿ ತೀರಿಹೋಯಿತು. ಆದರೂ ಕಲ್ಮಷ ಹೋಗಲಿಲ್ಲ, ಶುದ್ಧಿ ಮಾಡುವವನ ಶ್ರಮ ವ್ಯರ್ಥ. ಮುಂದಿನ ವಚನದಲ್ಲಿ ಆ ಜನರಿಗೆ ಬಿದ್ದ ಹೆಸರು 'ತಳ್ಳಿದ ಬೆಳ್ಳಿ'. ಯೆಹೆಜ್ಕೇಲ 22ರಲ್ಲಿ ಕುಲುಮೆಯೊಳಗೆ ತಾಮ್ರ, ತವರ, ಕಬ್ಬಿಣ, ಸೀಸ ಎಲ್ಲವೂ ಇವೆ. ಅಲ್ಲಿ ಜನರನ್ನು ಹೋಲಿಸಿರುವುದು ಬೆಳ್ಳಿಗಲ್ಲ, ಬೆಳ್ಳಿಯ ಕಿಟ್ಟಕ್ಕೆ.

ಒಮ್ಮೆ ಒಬ್ಬ ಅಕ್ಕಸಾಲಿಯ ಅಂಗಡಿಯಲ್ಲಿ ಹಳೆಯ ಬೆಳ್ಳಿ ಕರಗಿಸುವುದನ್ನು ನೋಡುತ್ತಾ ಕೂತಿದ್ದೆ. ಚಿಕ್ಕ ಮೂಸೆ, ಮೇಲೆ ಚಿಟಿಕೆ ಬಿಳಿಗಾರ. ನಾನು ಏನೋ ಮಾತು ತೆಗೆದೆ. ಆತ ಉತ್ತರ ಕೊಟ್ಟರು, ಆದರೆ ನನ್ನ ಕಡೆ ತಿರುಗಲಿಲ್ಲ. ಕಣ್ಣು ಮೂಸೆಯ ಮೇಲೇ ಇತ್ತು. ಎರಕ ಹೊಯ್ದು ಮುಗಿದ ಮೇಲೆಯೇ ನನ್ನ ಮುಖ ನೋಡಿದ್ದು. ಮಲಾಕಿಯನ 'ಕೂತುಕೊಳ್ಳುವನು' ಎಂಬ ಪದ ನನಗೆ ಅರ್ಥವಾಗಿದ್ದು ಅವತ್ತು. ನೀವು ತರಗತಿಯಲ್ಲಿ ಆ ವಚನ ಓದುವಾಗ ಮುಖದ ಕಥೆ ಬಿಟ್ಟು ಈ ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಬೆಂಕಿ ಹಚ್ಚಿ ಎದ್ದು ಹೋದರೆ ಆ ಮಿಂಚು ಕಾಣುವುದಿಲ್ಲ.